ಭಾಂಡುಪ್ ಬೂತಿನ ಐವತ್ತು ಹೆಚ್ಚಿನ ಓಟು

ಚುನಾವಣಾ ಡ್ಯೂಟಿಯ ಆದೇಶ ಬಂದ ದಿನ ನಮ್ಮ ಕಾಲೇಜಿನ ಸಿಬ್ಬಂದಿಗೆಲ್ಲ ಒಮ್ಮೆಲೇ ಕಾಯಿಲೆ ಬಂತು. ಬೆಳಿಗ್ಗೆ ಗಟ್ಟಿಮುಟ್ಟಾಗಿ ವಡಾಪಾವ್ ತಿಂದ ಅಕೌಂಟೆಂಟನ ಬೆನ್ನುಮೂಳೆ ಮಧ್ಯಾಹ್ನದ ಹೊತ್ತಿಗೆ ಜಾರಿತು. ಇತಿಹಾಸದ ಪ್ರಾಧ್ಯಾಪಕರಿಗೆ ಬಿಸಿಲು ಕಂಡರೆ ತಲೆ ಸುತ್ತುವ ಹಳೆಯ ರೋಗವೊಂದು ಅಂದೇ ನೆನಪಾಯಿತು. ಪ್ರತಿ ಆಗಸ್ಟಿನಲ್ಲಿ ಪ್ರಜಾಪ್ರಭುತ್ವದ ಬಗ್ಗೆ ಭಾಷಣ ಬಿಗಿಯುವ ಉಪಪ್ರಾಂಶುಪಾಲರು ಡಾಕ್ಟರ ಸರ್ಟಿಫಿಕೇಟು ಹಿಡಿದು, ಹೆಸರು ತೆಗೆಸಲು ಚುನಾವಣಾ ಕಚೇರಿಯ ಮುಂದೆ ಬಿಸಿಲಲ್ಲಿ ಸಾಲು ನಿಂತರು. ಆ ಸಾಲಿನಲ್ಲಿ ಅಷ್ಟು ಹೊತ್ತು ನಿಲ್ಲಬಲ್ಲವರಿಗೆ ಬೂತಿನಲ್ಲಿ ಕುರ್ಚಿಯ ಮೇಲೆ ಕೂರುವ ಶಕ್ತಿ ಖಂಡಿತ ಇತ್ತು.

ನಾನು ಖುಷಿಯಿಂದ ಹೋದೆ. ದೇಶಸೇವೆಗೆಂದು ಅಲ್ಲ, ಭತ್ಯೆಗೆಂದು. ಮುಂಬೈಯ ಜೋಗೇಶ್ವರಿಯ ನಮ್ಮ ಮನೆಯಲ್ಲಿ ಫ್ರಿಜ್ ಕೆಟ್ಟು ಕೂತಿತ್ತು, ಮೇ ತಿಂಗಳ ಸೆಕೆ, ಹೆಂಡತಿ ದಿನಕ್ಕೆರಡು ಸಲ ಹಾಲು ಕಾಯಿಸುತ್ತ ನನ್ನನ್ನೂ ಕಾಯಿಸುತ್ತಿದ್ದಳು. ಕಾಲೇಜು ಕಚೇರಿಯ ಗುಮಾಸ್ತನಿಗೆ ಮೇಲುಸಂಪಾದನೆಯ ದಾರಿಗಳು ಹೆಚ್ಚಿಲ್ಲ. ಹೀಗಾಗಿ ಪ್ರತಿ ಚುನಾವಣೆಗೂ ನಾನು ಆರೋಗ್ಯವಂತನಾಗಿಯೇ ಇರುತ್ತೇನೆ.

ತರಬೇತಿ ಎಂದರೆ ಒಂದು ಉಸಿರುಗಟ್ಟುವ ಸಭಾಂಗಣ, ಮೈಕಿನಲ್ಲಿ ಕಿರುಚುವ ಒಬ್ಬ ಅಧಿಕಾರಿ, ಎದುರಿಗೆ ಮೊಬೈಲ್ ಉಜ್ಜುತ್ತ ಕೂತ ನೂರಾರು ಜನ. ಅಲ್ಲಿ ಎಲ್ಲರ ತಲೆಗೆ ಬಡಿಬಡಿದು ಹೇಳುವ ಮಾತು ಒಂದೇ. ಮತದಾನ ಶುರುವಾಗುವ ಮೊದಲು ಪಕ್ಷಗಳ ಏಜೆಂಟರ ಎದುರಿಗೆ ಐವತ್ತು ಸುಳ್ಳು ಓಟು ಹಾಕಿ, ಯಂತ್ರ ಸರಿಯಾಗಿದೆ ಎಂದು ತೋರಿಸಬೇಕು. ಇದು ಅಣಕು ಮತದಾನ, ಮಾಕ್ ಪೋಲ್. ಆಮೇಲೆ ಕಂಟ್ರೋಲ್ ಯೂನಿಟ್ ಎಂಬ ಡಬ್ಬಿಯ ಮೇಲೆ ಮೂರು ಗುಂಡಿಗಳನ್ನು ಕ್ರಮವಾಗಿ ಒತ್ತಬೇಕು: ಕ್ಲೋಸ್, ರಿಸಲ್ಟ್, ಕ್ಲಿಯರ್. ಇವನ್ನು ಒತ್ತದೆ ಸೀಲ್ ಹಾಕಿದರೆ ಸುಳ್ಳು ಓಟುಗಳು ಒಳಗೇ ಉಳಿದು ನಿಜದ ಓಟುಗಳ ಜೊತೆ ಬೆರೆಯುತ್ತವೆ. ಅಂಥ ಯಂತ್ರವನ್ನು ಎಣಿಕೆಯ ದಿನ ಪಕ್ಕಕ್ಕೆ ಸರಿಸಿಡುತ್ತಾರೆ. ಗೆದ್ದವನಿಗೂ ಸೋತವನಿಗೂ ಅಂತರ ತೀರ ಕಡಿಮೆ ಇದ್ದರೆ ಮಾತ್ರ ಅದಕ್ಕೆ ಜೋಡಿಸಿದ ಪೆಟ್ಟಿಗೆಯಲ್ಲಿ ಓಟಿಗೊಂದರಂತೆ ಅಚ್ಚಾಗಿ ಬಿದ್ದ ಚೀಟಿಗಳನ್ನು ಎಣಿಸುತ್ತಾರೆ. ಇಲ್ಲದಿದ್ದರೆ ಆ ಬೂತಿನ ಜನ ಓಟು ಹಾಕಿದ್ದೂ ಒಂದೇ, ಹಾಕದೆ ಮನೆಯಲ್ಲಿ ಮಲಗಿದ್ದೂ ಒಂದೇ. ಬೂತಿನ ಮುಖ್ಯಸ್ಥ ಸಸ್ಪೆಂಡ್ ಆಗುತ್ತಾನೆ. ಇದನ್ನು ಪ್ರತಿ ಸಲ ಹೇಳುತ್ತಾರೆ, ಪ್ರತಿ ಸಲವೂ ಎಲ್ಲೋ ಯಾರೋ ಮರೆಯುತ್ತಾರೆ. ಹಾಗೆ ಮರೆಯುವವರು ಎಂಥ ಗೂಬೆಗಳಿರಬೇಕು ಎಂದು ನಾನು ಅಂದುಕೊಳ್ಳುತ್ತಿದ್ದೆ.

ನಮ್ಮ ಬೂತು ಭಾಂಡುಪಿನ ಒಂದು ಮುನ್ಸಿಪಲ್ ಶಾಲೆಯ ನೆಲಮಹಡಿಯ ತರಗತಿ. ಹಿಂದಿನ ದಿನ ಸಾಮಾನು ಹಂಚುವ ಮೈದಾನದಲ್ಲಿ ನಮ್ಮ ತಂಡದ ಮುಖ್ಯಸ್ಥೆಯನ್ನು ಮೊದಲ ಸಲ ನೋಡಿದೆ. ಅಂದರೆ ಪ್ರಿಸೈಡಿಂಗ್ ಆಫೀಸರ್. ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ, ಯಾವುದೋ ಸರಕಾರಿ ಇಲಾಖೆಯಲ್ಲಿ ಹೊಸ ಅಧಿಕಾರಿ, ನೌಕರಿ ಇನ್ನೂ ಪ್ರೊಬೇಶನ್‌ನಲ್ಲಿ. ನಾನು ಹೆಂಡತಿಗೆ ಫೋನ್ ಮಾಡುವುದನ್ನು ಕೇಳಿ ಅವಳ ಮುಖ ಅರಳಿತು.

"ಅಂಕಲ್, ಆಪ್ ಕನ್ನಡ್... ನೀವು ಕನ್ನಡಾ ಏನ್ರಿ? ನಮ್ದು ಬೆಳಗಾವಿ. ಮತ್ಲಬ್, ಅಪ್ಪಾಂದು. ನಾ ಮುಲುಂಡ್‌ದಾಗೇ ಬೋರ್ನ್."

"ನಮ್ದು ವಿಜಾಪುರ ಕಡೆ," ಎಂದೆ. "ಮುಂಬೈಗೆ ಬಂದು ಹಲ್ಲು ಉದುರೂ ಹೊತ್ತಾತು."

ನಾನು ಎರಡನೆಯ ಪೋಲಿಂಗ್ ಆಫೀಸರ್. ಮತದಾರರ ಬೆರಳಿಗೆ ಶಾಯಿ ಹಚ್ಚಿ, ರಿಜಿಸ್ಟರಿನಲ್ಲಿ ಅವರ ಕ್ರಮಸಂಖ್ಯೆ ಬರೆದು ಸಹಿ ಹಾಕಿಸುವುದು ನನ್ನ ಕೆಲಸ. ಮೊದಲನೆಯವನು ಪಟ್ಟಿಯಲ್ಲಿ ಹೆಸರು ಹುಡುಕಿ ಎಲ್ಲರಿಗೂ ಕೇಳುವಂತೆ ಕೂಗಬೇಕು. ಅವನೊಬ್ಬ ಶಾಲಾ ಮಾಸ್ತರ, ದನಿ ರೈಲಿನ ಹಾರ್ನಿನಂತಿತ್ತು. ಮೂರನೆಯವನು ಕಂಟ್ರೋಲ್ ಯೂನಿಟಿನ ಬ್ಯಾಲೆಟ್ ಗುಂಡಿ ಒತ್ತಿ ಮತದಾರನನ್ನು ಒಳಗೆ ಬಿಡಬೇಕು. ಅವನು ಗುಂಡಿ ಒತ್ತುವುದನ್ನೂ ನಿದ್ದೆ ಮಾಡುವುದನ್ನೂ ಒಟ್ಟೊಟ್ಟಿಗೆ ಮಾಡಬಲ್ಲವನಾಗಿದ್ದ.

ಮತದಾನದ ದಿನ ಬೆಳಕು ಹರಿಯುವ ಮೊದಲೇ ಏಜೆಂಟರು ಬರಬೇಕು. ಬಂದದ್ದು ಬೆಳಕು ಹರಿದ ಮೇಲೆ. ನಾಲ್ವರು, ನಾಲ್ಕು ಪಕ್ಷ. ಬೀದಿಯಲ್ಲಿ ತಿಂಗಳಿಡೀ ಒಬ್ಬರನ್ನೊಬ್ಬರು ಕಳ್ಳರೆಂದು ಕೂಗಿದವರು ಒಂದೇ ಬೆಂಚಿನ ಮೇಲೆ ಕೂತು ಒಂದೇ ಪೊಟ್ಟಣದಿಂದ ಒಗ್ಗರಣೆ ಅವಲಕ್ಕಿಯ ಪೋಹೆ ತಿನ್ನುತ್ತಿದ್ದರು. ಅವರಲ್ಲೊಬ್ಬ ದೊಡ್ಡ ಹೊಟ್ಟೆಯವನು, ಹೆಗಲ ಮೇಲೆ ಟವೆಲು, ಸ್ಟೇಷನ್ ಹತ್ತಿರ ರಿಕ್ಷಾಗಳಿಗೆ ಸೀಟ್ ಹೊಲಿಯುವ ಅಂಗಡಿ ಅವನದಂತೆ. ದಿನದ ಕೂಲಿಗೆ ಏಜೆಂಟನಾಗಿ ಬಂದವನು. ಹೋದ ಚುನಾವಣೆಯಲ್ಲಿ ಎದುರಿನ ಪಕ್ಷಕ್ಕೆ ಕೂತಿದ್ದೆ ಎಂದು ಉಳಿದವರಿಗೆ ಹಿಂದಿಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಅಣಕು ಮತದಾನವೇನೋ ಶುರುವಾಯಿತು. ಏಜೆಂಟರೇ ಸರದಿಯಂತೆ ಬಂದು, ಯಾರಿಗೂ ಬೇಜಾರಾಗದಂತೆ ಎಲ್ಲ ಅಭ್ಯರ್ಥಿಗಳಿಗೂ ಸರಿಸಮ ಓಟು ಹಂಚಿದರು. ಐವತ್ತಾದ ಮೇಲೆ ಹುಡುಗಿ ಕ್ಲೋಸ್ ಗುಂಡಿಯ ಕಡೆಗೆ ಕೈ ಚಾಚಿದಳು. ಒತ್ತುವ ಮೊದಲೇ ಜೋನಲ್ ಆಫೀಸರ್ ಒಳಗೆ ನುಗ್ಗಿದ.

ಜೋನಲ್ ಆಫೀಸರ್ ಎಂದರೆ ಸುತ್ತಲಿನ ಹತ್ತಾರು ಬೂತುಗಳ ಮೇಲ್ವಿಚಾರಕ. ಕೊರಳಲ್ಲಿ ಎರಡು ಗುರುತಿನ ಚೀಟಿ, ಕೈಯಲ್ಲಿ ಎರಡು ಫೋನು. ಈ ಮನುಷ್ಯನಿಗೆ ಜೀವನದಲ್ಲಿ ಇದ್ದ ಆಸೆ ಒಂದೇ: ಮತದಾನ ಶುರುವಾಯಿತು ಎಂಬ ವರದಿ ಎಲ್ಲರಿಗಿಂತ ಮೊದಲು ತನ್ನ ಜೋನಿನಿಂದ ಹೋಗಬೇಕು.

"ಮೇಡಂ, ಅಭೀ ತಕ್ ಮಾಕ್ ಮೇ ಹೀ ಹೋ? ಸೀಲ್ ಕರೋ, ಸೀಲ್ ಕರೋ! ಫೋಟೋ ಭೇಜನಾ ಹೈ," ಎಂದು ಅವಳ ನೆತ್ತಿಯ ಮೇಲೆ ನಿಂತು ಕೂಗಿದ. ಅವಳು ಚೀಟಿ ಪೆಟ್ಟಿಗೆ ತೆರೆದು ಅಣಕು ಚೀಟಿಗಳನ್ನು ಹೊರತೆಗೆದು ಕಪ್ಪು ಲಕೋಟೆಗೆ ಹಾಕಿದಳು, ಅರಗು ಕರಗಿಸಿದಳು, ಬೆರಳು ಸುಟ್ಟುಕೊಂಡಳು, ಹಸಿರು ಕಾಗದದ ಸೀಲನ್ನು ಡಬ್ಬಿಗೆ ಸಿಕ್ಕಿಸಿದಳು. ಅವನು ಫೋಟೋ ತೆಗೆದ. ಎಲ್ಲ ಅಳಿಸಲಾಗಿದೆ ಎಂಬ ಪ್ರಮಾಣಪತ್ರಕ್ಕೆ ಏಜೆಂಟರು ಪೋಹೆಯ ಕೈಯಲ್ಲೇ ಸಹಿ ಗೀಚಿದರು. ನಾನು ಬಾಗಿಲ ಹೊರಗೆ ಅಭ್ಯರ್ಥಿಗಳ ಪಟ್ಟಿ ಅಂಟಿಸುತ್ತಿದ್ದೆ. ನಾನು ಒಳಗೆ ಬರುವಷ್ಟರಲ್ಲಿ ಅವನು ಮುಂದಿನ ಬೂತಿಗೆ ಹಾರಿದ್ದ.

ಬೆಳಗಿನ ಸಾಲಿನ ಬಗ್ಗೆ ಏನು ಹೇಳುವುದು? ಬೂತಿಗೆ ಫೋನ್ ತರಬಾರದು ಎಂದು ವಾರದಿಂದ ಡಂಗುರ ಸಾರಿದ್ದರೂ ಎಲ್ಲರ ಕೈಯಲ್ಲಿ ಫೋನು. ಗೇಟಿನ ಪೊಲೀಸ್ ತಡೆದರೆ, "ನನ್ನ ಆಧಾರ್ ಫೋನಿನಲ್ಲೇ ಇದೆ" ಎಂಬ ಜಗಳ. ಎದುರಿನ ಪಾನ್ ಅಂಗಡಿಯವನು ಫೋನಿಗಿಷ್ಟು ಎಂದು ಬಾಡಿಗೆ ಹಚ್ಚಿ ಅಂದು ನಮ್ಮೆಲ್ಲರ ಭತ್ಯೆಯನ್ನೂ ಮೀರಿಸಿ ದುಡಿದಿರಬೇಕು. ಹೊಸ ಟವರಿನ ಜನ ಎಸಿಯಿಂದ ಇಳಿದು ಬಂದು ಹತ್ತು ನಿಮಿಷ ಬೆವರಿದ್ದಕ್ಕೆ ದೇಶ ಹಾಳಾಯಿತೆಂದು ಘೋಷಿಸಿದರು. ಚಾಳಿನ ಜನ ತಮ್ಮ ಸರದಿಗಿಂತ ಮೊದಲು ನುಗ್ಗಲು ಅಜ್ಜಿಯರನ್ನು ಮುಂದೆ ಮಾಡಿದರು. ಒಬ್ಬಳು ನೇಲ್‌ಪಾಲಿಶ್ ಕೆಡುತ್ತದೆ, ಶಾಯಿ ಬೇರೆ ಬೆರಳಿಗೆ ಹಚ್ಚಿ ಎಂದಳು. ಒಬ್ಬ ಸೆಲ್ಫಿಯಲ್ಲಿ ಚೆನ್ನಾಗಿ ಕಾಣಬೇಕು, ದಪ್ಪಗೆ ಹಚ್ಚಿ ಎಂದ. ನಾನು ಇಬ್ಬರಿಗೂ ನಿಯಮದಷ್ಟೇ ಹಚ್ಚಿದೆ.

ನನಗೂ ಹುಡುಗಿಗೂ ಇದ್ದ ಒಂದೇ ಮನರಂಜನೆ ಕನ್ನಡ. ಮುಂಬೈಯಲ್ಲಿ ನಾವು ಕನ್ನಡಿಗರೆಲ್ಲ ಮಾಡುವ ದಡ್ಡತನವೇ ಇದು. ಲೋಕಲ್‌ನಲ್ಲಿ, ಲಿಫ್ಟಿನಲ್ಲಿ, ಡಾಕ್ಟರ ಎದುರಿಗೆ, ಸುತ್ತಲಿನವರಿಗೆ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ ಮನಸ್ಸಿಗೆ ಬಂದದ್ದನ್ನು ಗಟ್ಟಿಯಾಗಿ ಆಡುತ್ತೇವೆ. ಸೀಟ್ ಹೊಲಿಯುವ ಏಜೆಂಟ್ ಮೂರನೆಯ ಸಲ ಚಹಾಕ್ಕೆ ಎದ್ದಾಗ ನಾನು, "ನೋಡವಾ, ಆ ಹೊಟ್ಟಿ ಮೊದಲ ಎದ್ದು ಹೋತು, ಮನಶ್ಯಾ ಹಿಂದಿಂದ ಹೊಂಟಾನ," ಎಂದೆ. ಹುಡುಗಿ ಮುಖ ಮುಚ್ಚಿಕೊಂಡು ನಕ್ಕಳು. ಬೆಳಗಿನಿಂದ ಇಂಥವು ಎಷ್ಟೋ ಆಗಿದ್ದವು.

ಮಧ್ಯಾಹ್ನ ಊಟದ ಹೊತ್ತಿಗೆ ಸಾಲು ತೆಳುವಾಯಿತು. ಎರಡು ತಾಸಿಗೊಮ್ಮೆ ಎಷ್ಟು ಮತದಾನವಾಯಿತು ಎಂದು ವರದಿ ಕಳಿಸಬೇಕು. ಡಬ್ಬಿಯ ಮೇಲಿನ ಟೋಟಲ್ ಗುಂಡಿ ಒತ್ತಿ ಅದನ್ನು ರಿಜಿಸ್ಟರಿನ ಜೊತೆ ತಾಳೆ ನೋಡಬೇಕೆಂದು ನಿಯಮ. ಬೆಳಗಿನಿಂದ ಯಾರೂ ಅದನ್ನು ಒತ್ತಿರಲಿಲ್ಲ. ನಾನು ನನ್ನ ರಿಜಿಸ್ಟರಿನ ಕೊನೆಯ ಸಂಖ್ಯೆ ಕೂಗುತ್ತಿದ್ದೆ, ಅವಳು ಅದನ್ನೇ ಫೋನಿನಲ್ಲಿ ತುಂಬುತ್ತಿದ್ದಳು. ಎಲ್ಲ ಬೂತುಗಳಲ್ಲೂ ನಡೆಯುವುದು ಹೀಗೇ. ಆಗ ಒಬ್ಬ ಏಜೆಂಟ್ ತನ್ನ ಧಣಿಗೆ ಹೇಳಬೇಕೆಂದು ಟೋಟಲ್ ಕೇಳಿದ. ಮೂರನೆಯ ಆಫೀಸರ್ ಅರೆಗಣ್ಣಿನಲ್ಲಿ ಗುಂಡಿ ಒತ್ತಿ ಓದಿ ಹೇಳಿದ.

ನನ್ನ ರಿಜಿಸ್ಟರಿಗಿಂತ ಅದು ಐವತ್ತು ಹೆಚ್ಚಿತ್ತು. ಇನ್ನೊಮ್ಮೆ ಒತ್ತಿಸಿದೆ. ಐವತ್ತೇ ಹೆಚ್ಚು. ಹೆಚ್ಚು ಯೋಚಿಸಬೇಕಾದ್ದೇನೂ ಇರಲಿಲ್ಲ.

ಹುಡುಗಿಯ ಹತ್ತಿರ ಹೋಗಿ ಕನ್ನಡದಲ್ಲಿ ಕೇಳಿದೆ: "ಮುಂಜಾನೆ ಕ್ಲಿಯರ್ ಒತ್ತಿದ್ದಿ ಏನವಾ?"

"ಹಾಂ, ಒತ್ತೀನಿ. ಐವತ್ತು ಓಟ್ ಆಯ್ತು, ಕ್ಲೋಸ್ ಒತ್ತಾಕ ಹೋದೆ, ಫಿರ್ ಓ ಸಾಬ್ ಬಂದ್ರು, ಫಿರ್..." ಅವಳ ಬಾಯಿ ತೆರೆದೇ ಉಳಿಯಿತು. ಅಂಗೈ ಮೇಜಿನ ಮೇಲೆ ಊರಿ ನಿಧಾನವಾಗಿ ಕೂತಳು. "ಅಂಕಲ್, ಸೀಲ್ ಹಾಕೀನಿ. ಅಬ್ ಖೋಲ್ ನಹೀ ಸಕ್ತೇ. ಕ್ಲಿಯರ್ ಮಾಡಿದ್ರ ಮುಂಜಾನಿಂದ ಎಲ್ಲಾರ್ದೂ ಓಟ್ ಹೋಗ್ತದ."

"ಹೌದು. ಈಗ ಡಬ್ಬಿ ಮುಟ್ಟೂಹಂಗಿಲ್ಲ."

"ಅಂಕಲ್, ನಂದು ಪ್ರೊಬೇಶನ್ ಐತಿ. ಮುಲುಂಡ್ ಫ್ಲ್ಯಾಟಿಂದು ಇಎಮ್ಐ ನಾನೇ ಕಟ್ತೀನಿ. ಸಸ್ಪೆಂಡ್ ಮಾಡಿದ್ರ ಘರ್ ಪೇ ಕ್ಯಾ ಬೋಲೂಂ?"

"ಸಾವಕಾಶ ಮಾತಾಡು. ಯಾರಿಗೂ ಗೊತ್ತಾಗಬಾರ್ದು," ಎಂದೆ, ಎಲ್ಲರಿಗೂ ಕೇಳುವಂತೆ.

"ನನಗ ಗೊತ್ತಾತಲ್ರೀ ಸಾಹೇಬ್ರ," ಎಂಬ ಉತ್ತರ ಏಜೆಂಟರ ಬೆಂಚಿನಿಂದ ಬಂತು.

ದೊಡ್ಡ ಹೊಟ್ಟೆಯವನು ಟವೆಲಿನಿಂದ ಕುತ್ತಿಗೆ ಒರೆಸುತ್ತಿದ್ದ. "ಮಾತಿನ ಮ್ಯಾಲ ಗೊತ್ತಾತು, ನಮ್ದೂ ವಿಜಾಪುರನ ರೀ. ಮನ್ಯಾಗ ದಖನಿ ಉರ್ದು ಆಡ್ತೀವಿ, ಸಂತ್ಯಾಗ ಕನ್ನಡ. ಮುಂಜಾನಿಂದ ನನ್ನ ಹೊಟ್ಟಿಗೆ ಏನೇನ್ ಅಂದ್ರಿ, ಎಲ್ಲಾ ಕೇಳೇನ್ರೀ. ಇರ್ಲಿ, ನಮ್ಮೂರವ್ರು ಅಂತ ಸುಮ್ನ ಕುಂತಿದ್ದೆ."

ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅವನು ನಮ್ಮೂರವರು ಎಂಬ ಪ್ರೀತಿಯನ್ನು ಅಲ್ಲಿಗೇ ನಿಲ್ಲಿಸಿ, ಉಳಿದ ಮೂವರಿಗೆ ಹಿಂದಿಯಲ್ಲಿ ವಿಷಯವನ್ನು ಪೂರ್ತಿ ಬಿಡಿಸಿ ಹೇಳಿದ. ಅವರು ಕಿರುಚುತ್ತಾರೆ, ಮೇಜು ಬಡಿಯುತ್ತಾರೆ ಎಂದು ನಾನು ಕಾದೆ. ಹಾಗೇನೂ ಆಗಲಿಲ್ಲ. ನಾಲ್ವರೂ ತಲೆಗೆ ತಲೆ ಕೂಡಿಸಿ ಪಿಸುಗುಟ್ಟಿದರು. ಕಾಲುಶತಮಾನದಿಂದ ಒಂದು ಚರಂಡಿಯ ಬಗ್ಗೆಯೂ ಒಮ್ಮತಕ್ಕೆ ಬಾರದ ಪಕ್ಷಗಳು ಅಲ್ಲಿ, ನನ್ನ ಕಣ್ಣೆದುರಿಗೆ, ಒಮ್ಮತಕ್ಕೆ ಬಂದವು.

ವಿಜಾಪುರದವನೇ ಅವರೆಲ್ಲರ ಪರವಾಗಿ ಬಂದು ನನ್ನ ಮೇಜಿಗೆ ಒರಗಿದ. "ನೋಡ್ರಿ, ಮುಂಜಾನೆ ಹಾಕಿದ ಓಟು ಎಲ್ಲಾರಿಗೂ ಸಮಾ ಸಮಾ ಹಾಕೇವಿ. ಯಾರಿಗೂ ಲುಕ್ಸಾನ್ ಇಲ್ಲ. ರಜಾದಾಗ ಊರಿಗೆ ಹೋದ ಮಂದಿ ಭಾಳ ಐತಿ. ಹೆಸ್ರು ನಾವು ಹೇಳ್ತೀವಿ, ನೀವು ರಿಜಿಸ್ಟರಿನ್ಯಾಗ ಬರಕೊಂತ ಹೋಗ್ರಿ, ಹೆಬ್ಬೆಟ್ಟು ನಾವು ಹಾಕ್ತೀವಿ. ಐವತ್ತು ಹೆಸ್ರು ಆತು, ಲೆಕ್ಕ ಬರಾಬರ್ ಆತು. ಬಾಯಾರ ನೌಕ್ರಿನೂ ಉಳೀತು."

"ಅದು ಜೇಲಿಗೆ ಹೋಗೂ ಕೆಲಸ," ಎಂದೆ.

"ಜೇಲಿಗೆ ಹಾಕ್ಸೂದು ಯಾರು? ನಾವ ನಾಕು ಮಂದಿ. ನಾವ ಹೂಂ ಅಂದೇವಿ." ಆಮೇಲೆ ದನಿ ತಗ್ಗಿಸಿದ. "ಸಾಹೇಬ್ರ, ಇನ್ನೊಂದ್ ಮಾತು ಕೇಳ್ರಿ. ನೀವು ಖರೇ ಹೇಳಿದ್ರ ಈ ಡಬ್ಬಿ ಬಾಜೂಕ್ಕ ಇಡ್ತಾರ. ಮುಂಜಾನಿಂದ ಬಿಸಲಾಗ ನಿಂತ ಮಂದಿದು ಓಟು ಎಲ್ಲಾ ನೀರಾಗ ಹೋಗ್ತಾವ. ಸುಳ್ಳು ಬರದ್ರ ಉಳೀತಾವ. ಯಾವುದು ಚೊಲೋ, ನೀವ ಹೇಳ್ರಿ."

ಅವನ ಮಾತು ತಪ್ಪಾಗಿರಲಿಲ್ಲ. ನನ್ನನ್ನು ಕೆರಳಿಸಿದ್ದು ಅದೇ. ನಾನೇನೂ ಸಾಚಾ ಮನುಷ್ಯನಲ್ಲ. ರೇಷನ್ ಅಂಗಡಿಯಲ್ಲಿ ಪರಿಚಯ ಹೇಳಿ ಮುಂದೆ ನುಗ್ಗಿದ್ದೇನೆ, ಕಾಲೇಜಿನ ಪೆನ್ನು ಕಾಗದ ಮನೆಗೆ ಒಯ್ದಿದ್ದೇನೆ. ಆದರೆ ಆ ನಾಲ್ಕು ಮುಖ ನೋಡಿದಾಗ ನನಗೆ ಹೇಸಿಗೆಯಾಯಿತು. ಪೋಹೆ ತಿನ್ನುತ್ತ ಸಹಿ ಗೀಚಿದ ನಾಲ್ವರು ತಮ್ಮ ಕೂಲಿ ಗಿಟ್ಟಿಸಿಕೊಂಡು ಹೋಗುತ್ತಾರೆ, ಐವತ್ತು ಸುಳ್ಳು ಮಾತ್ರ ನನ್ನ ಅಕ್ಷರದಲ್ಲಿ ಉಳಿಯುತ್ತದೆ. ಇಂಥವರಿಗೆ ನಾನು ಗುಮಾಸ್ತನಾಗಬೇಕೇ?

"ನಾ ಬರಿಯೂದಿಲ್ಲ," ಎಂದೆ.

ಹುಡುಗಿ ಅಷ್ಟರಲ್ಲಿ ಜೋನಲ್ ಆಫೀಸರಿಗೆ ಫೋನ್ ಮಾಡಿದ್ದಳು. ಪಕ್ಕದಲ್ಲಿದ್ದ ನನಗೆ ಅವನ ದನಿ ಕೇಳುತ್ತಿತ್ತು. "ಫೋನ್ ಪೇ ಯೇ ಸಬ್ ಮತ್ ಬೋಲೋ, ಮೇಡಂ! ಟ್ಯಾಲಿ ಕರೋ. ಮುಝೇ ಶಾಮ್ ಕೋ ಟ್ಯಾಲಿ ಚಾಹಿಯೇ." ಹೇಗೆ ಟ್ಯಾಲಿ ಮಾಡಲಿ ಎಂದು ಅವಳು ಕೇಳಿದಳು. "ಪ್ರಿಸೈಡಿಂಗ್ ಆಫೀಸರ್ ಆಪ್ ಹೋ, ಆಪ್ ದೇಖೋ. ಮೈನೇ ಕುಛ್ ಸುನಾ ನಹೀ," ಎಂದು ಅವನು ಫೋನ್ ಇಟ್ಟ. ಬೆಳಿಗ್ಗೆ ಅವಳ ತಲೆಯ ಮೇಲೆ ನಿಂತು ಕಿರುಚಿದ ಗಂಡಸು ಈಗ ಏನನ್ನೂ ಕೇಳಿಸಿಕೊಂಡಿರಲಿಲ್ಲ.

ಅವಳು ನನ್ನ ಮೇಜಿಗೆ ಬಂದಳು. ಕಣ್ಣು ಕೆಂಪಾಗಿದ್ದವು. "ಅಂಕಲ್, ಪ್ಲೀಸ್."

ನಾನು ರಿಜಿಸ್ಟರನ್ನು ಅವಳ ಕಡೆಗೆ ತಿರುಗಿಸಿದೆ. "ನೀ ಬರಿ. ನಾ ತಡಿಯೂದಿಲ್ಲ, ಯಾರಿಗೂ ಹೇಳೂದೂ ಇಲ್ಲ. ಆದ್ರ ನಾ ಬರಿಯೂದಿಲ್ಲ."

ಇದು ದೊಡ್ಡತನವೇನಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ನನ್ನ ಕೈ ಚೊಕ್ಕಟವಾಗಿ ಉಳಿಯಲಿ, ಅವಳು ಏನಾದರೂ ಮಾಡಿಕೊಳ್ಳಲಿ ಎಂಬ ಲೆಕ್ಕ ಅದು. ಅವಳು ಪೆನ್ನು ತೆಗೆದುಕೊಂಡಳು. ವಿಜಾಪುರದವನು ತನ್ನ ಪಟ್ಟಿ ಬಿಚ್ಚಿದ. ಖಂಡಿತ ಊರಲ್ಲಿಲ್ಲದವನಿಂದ ಶುರು ಮಾಡೋಣ ಎಂದು ನಾಲ್ವರೂ ಚರ್ಚಿಸಿ, ಹಿಂದಿನ ಬೀದಿಯ ಬಿಲ್ಡಿಂಗಿನ ಒಬ್ಬ ನಿವೃತ್ತ ಗೃಹಸ್ಥನನ್ನು ಆರಿಸಿದರು. ಅವನು ಕೊಂಕಣದ ತನ್ನ ಹಳ್ಳಿಗೆ ಹೋಗಿದ್ದಾನೆ, ಮಾವಿನ ಹಣ್ಣು ಮುಗಿಯುವವರೆಗೆ ಬರುವುದಿಲ್ಲ, ಅವನ ಮನೆಗೆ ಬೀಗ ಬಿದ್ದಿದ್ದನ್ನು ತಾವೇ ನೋಡಿದ್ದೇವೆ ಎಂದರು. ಕ್ರಮಸಂಖ್ಯೆ ಹೇಳಿದರು, ಹೆಸರು ಹೇಳಿದರು. ಹುಡುಗಿ ಪೆನ್ನನ್ನು ಕಾಗದಕ್ಕೆ ತಾಗಿಸಿದಳು.

ಆಗಲೇ ಬಾಗಿಲ ಹತ್ತಿರದ ಮೇಜಿನಿಂದ ಮಾಸ್ತರರು ಮತದಾರನೊಬ್ಬನ ಕ್ರಮಸಂಖ್ಯೆ, ಹೆಸರು ಕೂಗಿದರು. ಅದೇ ಸಂಖ್ಯೆ, ಅದೇ ಹೆಸರು.

ಆ ಮನುಷ್ಯ ಬಾಗಿಲಲ್ಲಿ ನಿಂತಿದ್ದ. ಬಸ್ಸಿನ ಧೂಳು, ಎರಡು ದಿನದ ಗಡ್ಡ, ತೋಳಿನಡಿ ಹುಲ್ಲು ಇಣುಕುವ ಒಂದು ಮಾವಿನ ಪೆಟ್ಟಿಗೆ. ಅದನ್ನು ಒಳಗೆ ಬಿಡಲು ಪೊಲೀಸಿನವನು ಒಪ್ಪದೆ ಆದ ಜಗಳದ ಸಿಟ್ಟು ಇನ್ನೂ ಮುಖದ ಮೇಲಿತ್ತು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಓಟಿಗೆಂದೇ ಬಂದಿದ್ದೇನೆ, ಮನೆಗೂ ಹೋಗಿಲ್ಲ ಎಂದು ಮರಾಠಿಯಲ್ಲಿ ಎಲ್ಲರಿಗೂ ಕೇಳುವಂತೆ ಬೈಯುತ್ತಲೇ ನನ್ನ ಮುಂದೆ ಬಂದು ಬೆರಳು ಚಾಚಿದ. ನಾಲ್ಕು ಏಜೆಂಟರೂ ಗೋಡೆಯ ಮೇಲಿನ ನಕಾಶೆಯಲ್ಲಿ ಏನನ್ನೋ ಹುಡುಕತೊಡಗಿದರು.

ಹುಡುಗಿ ಪೆನ್ನು ನನಗೆ ಕೊಟ್ಟಳು. ನಾನು ಅವನ ಸಂಖ್ಯೆ ಬರೆದೆ, ಅವನು ಸಹಿ ಹಾಕಿದ, ಶಾಯಿ ಹಚ್ಚಿದೆ. ಅವನು ಹಲಗೆಯ ಮರೆಗೆ ಹೋಗಿ ಗುಂಡಿ ಒತ್ತಿದ. ಯಂತ್ರ ಕೀ ಎಂದು ಉದ್ದಕ್ಕೆ ಕೂಗಿ ಅವನ ಓಟು ತೆಗೆದುಕೊಂಡಿತು. ಅವನು ಹೋಗುವವರೆಗೂ ಅವಳು ಅವನನ್ನೇ ನೋಡುತ್ತಿದ್ದಳು.

"ನಾನು ಇವ್ರದು ಹೆಸ್ರು ಬರೀತಿದ್ದೆ, ಅಂಕಲ್. ಒಂದು ಮಿನಿಟ್ ಲೇಟ್ ಆಗಿದ್ರೆ ನಿಮ್ದು ಓಟ್ ಹೋ ಗಯಾ ಅಂತ ಇವ್ರಿಗೆ ನಾನೇ ಹೇಳಬೇಕಿತ್ತು," ಎಂದಳು. ಫೋನ್ ತೆಗೆದು, ಜೋನಲ್ ಆಫೀಸರನ್ನು ಬಿಟ್ಟು ನೇರವಾಗಿ ಕಂಟ್ರೋಲ್ ರೂಮಿಗೆ ಹಚ್ಚಿದಳು. ತನ್ನ ಹೆಸರು, ಬೂತಿನ ಸಂಖ್ಯೆ, ಕ್ಲಿಯರ್ ಒತ್ತಿಲ್ಲ ಎಂಬ ವಿಷಯ, ಮೂರನ್ನೂ ಎಲ್ಲರಿಗೂ ಕೇಳುವಂತೆ ಹೇಳಿದಳು. ಒಂದು ಮಾತೂ ನುಂಗಲಿಲ್ಲ. ಆಮೇಲೆ ತನ್ನ ಡೈರಿಯಲ್ಲಿ ಅದನ್ನೇ ಬರೆದು ಸಹಿ ಹಾಕಿದಳು.

ನಾಲ್ಕು ಪಕ್ಷಗಳ ಒಮ್ಮತ ಅಲ್ಲಿಗೆ ಮುಗಿಯಿತು. ಫೋನ್ ಇಡುವಷ್ಟರಲ್ಲಿ ನಾಲ್ವರೂ ಎದ್ದು ನಿಂತು ಮೋಸ, ಮೋಸ ಎಂದು ಕೂಗುತ್ತಿದ್ದರು. ಮರು ಮತದಾನ ಬೇಕೆಂದು ದೂರು ಬರೆದರು. ಬರೆಯಲು ಕಾಗದ ನನ್ನ ಹತ್ತಿರವೇ ಕೇಳಿದರು. ಅತಿ ದೊಡ್ಡ ಅಕ್ಷರದಲ್ಲಿ ಬರೆದವನು ವಿಜಾಪುರದವನು. ಬರೆದು ಮುಗಿಸಿ ನನ್ನ ಕಡೆಗೆ ಬಾಗಿ, "ತಪ್ಪು ತಿಳೀಬ್ಯಾಡ್ರಿ, ಕೂಲಿ ತಗೊಂಡೇನಲ್ರೀ," ಎಂದ.

ಜೋನಲ್ ಆಫೀಸರ್ ಬಂದ ವೇಗಕ್ಕೆ ಅವನ ಎರಡೂ ಗುರುತಿನ ಚೀಟಿಗಳು ಬೆನ್ನಿಗೆ ಹೋಗಿದ್ದವು. ಹುಡುಗಿಯನ್ನು ಎಲ್ಲರೆದುರು ಬೈದ. ಟೋಟಲ್ ಒತ್ತಿ ನೋಡಿ ಅದರ ಫೋಟೋ ತೆಗೆದುಕೊಂಡ. ಕಂಟ್ರೋಲ್ ರೂಮಿನಿಂದ ಬಂದ ಆದೇಶ ಹೇಳಿದ: ಯಂತ್ರ ಬದಲಾಯಿಸುವಂತಿಲ್ಲ, ಮತದಾನ ನಿಲ್ಲಿಸುವಂತಿಲ್ಲ, ನಡೆಯಲಿ.

ಹೀಗಾಗಿ ನಡೆಯಿತು. ಬಿಸಿಲು ಇಳಿದ ಮೇಲೆ ಸಾಲು ಮತ್ತೆ ಬೆಳೆಯಿತು. ಕೆಲಸ ಮುಗಿಸಿ ಬಂದವರು, ಮಗುವನ್ನು ಸೊಂಟಕ್ಕೆ ಏರಿಸಿಕೊಂಡವರು, ಕೋಲೂರಿಕೊಂಡು ಬಂದವರು. ಈ ಡಬ್ಬಿಯನ್ನು ಬಹುಶಃ ಯಾರೂ ಎಣಿಸುವುದಿಲ್ಲ ಎಂದು ಗೊತ್ತಿದ್ದೂ ನಾನು ಒಬ್ಬೊಬ್ಬರ ಬೆರಳಿಗೂ ಶಾಯಿ ಹಚ್ಚಿದೆ. ಬೆಳಿಗ್ಗೆ ಇವರನ್ನೆಲ್ಲ ನೋಡಿ ಮೂಗು ಮುರಿದಿದ್ದೆ. ಸಂಜೆ ಅವರ ಮುಖ ನೋಡಲಾಗಲಿಲ್ಲ, ಬೆರಳಷ್ಟೇ ನೋಡಿದೆ. ನಾಚಿಕೆಯಾಯಿತು, ಬೇರೆ ಮಾತಿಲ್ಲ. ಬಾಗಿಲು ಮುಚ್ಚಿದ ಮೇಲೆ ಎಲ್ಲ ಸೀಲ್ ಮಾಡಿ ಒಪ್ಪಿಸಲು ಹೋದಾಗ ಅವಳನ್ನು ಬೇರೆ ಮೇಜಿಗೆ ಕರೆದು ಹೇಳಿಕೆ ಬರೆಸಿಕೊಂಡರು.

ನನ್ನ ಭತ್ಯೆ ಬ್ಯಾಂಕಿಗೆ ಬಂತು, ಫ್ರಿಜ್ ರಿಪೇರಿಯಾಯಿತು. ಅವಳು ಸಸ್ಪೆಂಡ್ ಆದಳು. ಮರು ಮತದಾನ ಆಗಲಿಲ್ಲ. ಎಣಿಕೆಯ ಸಂಜೆ ಅವಳ ಫೋನ್ ಬಂತು. ಗೆದ್ದವನ ಅಂತರ ದೊಡ್ಡದಾಗಿತ್ತು. ಅಷ್ಟೊಂದು ಅಂತರಕ್ಕೆ ಒಂದು ಬೂತಿನ ಚೀಟಿ ಎಣಿಸುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

"ಡಬ್ಬಿ ಬಾಜೂನಲ್ಲೇ ಇತ್ತಂತೆ, ಅಂಕಲ್. ತೆಗೀಲೇ ಇಲ್ಲ." ಆಮೇಲೆ ಕೇಳಿದಳು, "ನಾವು ಸುಳ್ಳು ಬರೆದಿದ್ರೆ ಅವ್ರೆಲ್ಲಾರ್ದೂ ಓಟ್ ಕೌಂಟ್ ಆಗ್ತಿತ್ತು, ಅಲ್ಲ?"

"ಆಗ್ತಿತ್ತು," ಎಂದೆ.

ವರ್ಷ ಮುಗಿಯುವ ಮೊದಲೇ ಇನ್ನೊಂದು ಚುನಾವಣೆ ಬಂತು. ನಮ್ಮ ಕಾಲೇಜಿನಲ್ಲಿ ಮತ್ತೆ ಬೆನ್ನುಮೂಳೆಗಳು ಜಾರಿದವು. ತರಬೇತಿಗೆ ಹೋದರೆ ಹುಡುಗಿ ಪಕ್ಕದ ಕುರ್ಚಿಗೆ ಬಂದು ಕೂತಳು. ಕೆಲಸಕ್ಕೆ ವಾಪಸ್ ತೆಗೆದುಕೊಂಡಿದ್ದರು, ಪ್ರೊಬೇಶನ್ ಒಂದು ವರ್ಷ ಬೆಳೆದಿತ್ತು. ಈ ಸಲ ಅವಳು ಮೂರನೆಯ ಪೋಲಿಂಗ್ ಆಫೀಸರ್, ಬ್ಯಾಲೆಟ್ ಗುಂಡಿ ಒತ್ತುವ ಕೆಲಸ. ಸಣಕಲಾಗಿದ್ದಳು.

ವೇದಿಕೆ ಹತ್ತಿದ ತರಬೇತುದಾರ ನಮ್ಮ ಜೋನಲ್ ಆಫೀಸರ್. ಪರದೆಯ ಮೇಲೆ ಕಂಟ್ರೋಲ್ ಯೂನಿಟಿನ ಫೋಟೋ ಬಂತು, ಅಂದು ಅವನು ತೆಗೆದದ್ದೇ. ಭಾಂಡುಪಿನ ಒಂದು ಬೂತಿನಲ್ಲಿ ಅಧಿಕಾರಿಯ ಬೇಜವಾಬ್ದಾರಿಯಿಂದ ಕ್ಲಿಯರ್ ಆಗಿರಲಿಲ್ಲ, ಜೋನಲ್ ಆಫೀಸರ್ ಗಸ್ತಿನಲ್ಲಿ ಬಂದು ಟೋಟಲ್ ಒತ್ತಿ ನೋಡಿ ಕೂಡಲೇ ಪತ್ತೆ ಹಚ್ಚಿದ, ಜಾಗರೂಕತೆ ಎಂದರೆ ಇದು ಎಂದು ಹೇಳಿದ. ಮೊಬೈಲಿನಿಂದ ಕಣ್ಣೆತ್ತದೆಯೇ ಜನ ಚಪ್ಪಾಳೆ ತಟ್ಟಿದರು. ನನಗೆ ಎದ್ದು ಹೋಗಿ ಅವನ ಮೈಕು ಕಿತ್ತುಕೊಳ್ಳಬೇಕು ಎನ್ನಿಸಿತು. ಎನ್ನಿಸಿತು ಅಷ್ಟೆ, ಕೂತೇ ಇದ್ದೆ.

ಎದ್ದವಳು ಹುಡುಗಿ. ಆ ಬೂತಿನ ಓಟು ಎಣಿಸಿದರೇ ಎಂದು ಕೇಳಿದಳು. "ಸರ್, ಉಸ್ ಬೂತ್ ಕೇ ವೋಟ್ ಗಿನೇ ಗಯೇ ಕ್ಯಾ?"

ಫಲಿತಾಂಶಕ್ಕೇನೂ ಧಕ್ಕೆಯಾಗಲಿಲ್ಲ ಎಂದು ಅವನು ನಕ್ಕ. "ರಿಸಲ್ಟ್ ಪೇ ಕೋಯೀ ಅಸರ್ ನಹೀ ಪಡಾ, ಮೇಡಂ."

"ಅಸರ್ ನಹೀ ಪೂಛಾ. ಗಿನೇ ಗಯೇ?"

"ನಹೀ," ಎಂದ. ಆಮೇಲೆ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದ. "ಆಪ್ ಕೌನ್? ಕೌನ್ಸಾ ಡಿಪಾರ್ಟ್‌ಮೆಂಟ್?"

ನಾಟಕ ಮಾಡುತ್ತಿದ್ದಾನೆ ಎಂದುಕೊಂಡೆ. ಇಲ್ಲ, ಅವನಿಗೆ ನಿಜವಾಗಿಯೂ ಗುರುತು ಸಿಕ್ಕಿರಲಿಲ್ಲ. ಅವಳನ್ನು ತಿಂಗಳುಗಟ್ಟಲೆ ಮನೆಯಲ್ಲಿ ಕೂರಿಸಿದ ವರದಿಗೆ ಸಹಿ ಹಾಕಿದವನಿಗೆ ಅವಳ ಮುಖ ನೆನಪಿರಲಿಲ್ಲ.

"ಉಸೀ ಬೂತ್ ಕೀ ಪ್ರಿಸೈಡಿಂಗ್ ಆಫೀಸರ್," ಎಂದಳು.

ಸಭಾಂಗಣದಲ್ಲಿ ಮೊದಲ ಬಾರಿಗೆ ಮೊಬೈಲುಗಳು ಕೆಳಗಿಳಿದವು. ಅವನು ಕೈಯಲ್ಲಿದ್ದ ರಿಮೋಟನ್ನು ಎರಡು ಮೂರು ಸಲ ಒತ್ತಿದ. ಪರದೆಯ ಮೇಲೆ ಶಾಯಿ ಹಚ್ಚುವ ವಿಧಾನದ ಚಿತ್ರ ಬಂತು. "ಬೈಠಿಯೇ ಮೇಡಂ, ಬೈಠಿಯೇ, ಟೈಮ್ ಕಮ್ ಹೈ," ಎಂದ.

ಅವಳು ಕೂರಲಿಲ್ಲ.